ಮೇನ್ ಕ್ಯಾಂಪಸ್‌ನವರ ಹೊಗಳಿಕೆ

ಅಮೆರಿಕದ ಅಪಲಾಚಿಯ ಬೆಟ್ಟದ ಒಂದು ಹಳೆಯ ಗಣಿ ಊರಿನ ಲಾಂಡ್ರಿಯಲ್ಲಿ, ಯಂತ್ರದಲ್ಲಿ ಬಟ್ಟೆ ಒಣಗುವುದನ್ನು ಕಾಯುತ್ತ ಕೂತಿದ್ದ ಮುದುಕ ವೆಂಡೆಲ್‌ನ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಒಬ್ಬಳು ಸರ್ಕಾರಿ ವಿಶ್ವವಿದ್ಯಾಲಯದ ಇಲ್ಲಿನ ಶಾಖೆಯಲ್ಲಿ ಅಡುಗೆ ಮಾಡುವ ಲೊರೆಟಾ. ಇನ್ನೊಬ್ಬಳು ಅಲ್ಲೇ ನರ್ಸಿಂಗ್ ಓದುವ ಅವಳ ಅಕ್ಕನ ಮಗಳು ಕೊರೀನ್.

“ಮೇನ್ ಕ್ಯಾಂಪಸ್‌ನವರು ಇವತ್ತು ಬಂದಿದ್ರು ಕಣೇ. ಎಲ್ಲಾನೂ ಹೊಗಳಿದ್ರು.”

“ಒಳ್ಳೇದೇ ಆಯ್ತಲ್ಲ ಚಿಕ್ಕಮ್ಮ! ಯಾಕೆ ಮುಖ ಹಿಂಗೆ ಮಾಡ್ಕೊಂಡಿದೀಯ?”

“ಹೋದ ವರ್ಷ ನದಿಯಾಚೆ ಶಾಖೇನೂ ಹಿಂಗೇ ಹೊಗಳಿದ್ರು. ಬೇಸಿಗೆಗೆ ಬೀಗ ಬಿತ್ತು.”

“ಅಪಶಕುನ ನುಡೀಬೇಡ. ನಂದಿನ್ನೂ ಒಂದು ವರ್ಷ ಇದೆ.”

“ಮೇನ್ ಕ್ಯಾಂಪಸ್‌ಗೆ ಬಂದು ಮುಗಿಸ್ಕೊಳ್ಳಿ ಅಂತಾರೆ.”

“ಮೂರು ಗಂಟೆ ದಾರಿ! ಅಮ್ಮನ ಆಕ್ಸಿಜನ್ ಸಿಲಿಂಡರ್ ಯಾರು ಬದಲಾಯಿಸ್ತಾರೆ, ಅವರ ಕುಲಪತಿನಾ?”

“ಮೆಲ್ಲಗೆ ಮಾತಾಡೇ.”

ವೆಂಡೆಲ್ ಮುಖ ಅತ್ತ ತಿರುಗಿಸಿದ. ಗಣಿ ಮುಚ್ಚುವ ಮುಂಚೆ ಅವನಿಗೂ ಕಂಪನಿಯವರು ಬೆನ್ನು ತಟ್ಟಿ ಕೇಕು ತಿನ್ನಿಸಿದ್ದರು.

“ಏನಂದ್ರು, ಸರಿಯಾಗಿ ಹೇಳು.” ಕೊರೀನ್‌ಳ ದನಿ ಸಣ್ಣಗಾಗಿತ್ತು.

“ಲೈಬ್ರರಿ ಚೆಂದ ಅಂದ್ರು. ಮಕ್ಕಳು ಚುರುಕು ಅಂದ್ರು. ನನ್ನ ಸೂಪಿನಂಥದ್ದು ಎಲ್ಲೂ ಸಿಗಲ್ಲ ಅಂದ್ರು.”

“ನಿನ್ನ ಸೂಪು ಚೆನ್ನಾಗೇ ಇರುತ್ತೆ. ನಿಜಾನೇ ಹೇಳಿದಾರೆ, ಬಿಡು.”

“ಅವರು ಬರ್ತಾರೆ ಅನ್ನೋ ಗಾಬರೀಲಿ ಎರಡು ಸಲ ಉಪ್ಪು ಹಾಕ್ಬಿಟ್ಟಿದ್ದೆ. ನಿನ್ನ ಕ್ಲಾಸಿನವರು ಥೂ ಅಂತ ಉಗಿದ್ರು. ಅವರು ಮಾತ್ರ ನಗ್ತಾ ನಗ್ತಾ ಬಟ್ಟಲು ಖಾಲಿ ಮಾಡಿದ್ರು.”

ಕೊರೀನ್ ಎದ್ದು, ಅರೆ ಒಣಗಿದ ಬಟ್ಟೆಯನ್ನೇ ಬುಟ್ಟಿಗೆ ತುರುಕಿದಳು. ಇಬ್ಬರೂ ಬಾಗಿಲು ದಾಟಿದರು.