ಮೊದಲ ಕೂಗಿಗೆ ಏಳುವವನು

ಅಧ್ಯಕ್ಷರಾದ ಗಂಗಪ್ಪನವರೇ, ಮಹಿಳಾ ವಾಚನಾಲಯದ ಗೆಳತಿಯರೇ, ಹಗರಿಬೊಮ್ಮನಹಳ್ಳಿಯ ಸಭಿಕರೇ, ಒಂದು ಸಂಗತಿಯನ್ನು ಬಿಟ್ಟೇ ಮಾತಾಡಬೇಕೆಂದುಕೊಂಡಿದ್ದೆ. ಈ ವೇದಿಕೆ ಹತ್ತುವ ತನಕವೂ ಅದೇ ತೀರ್ಮಾನವಿತ್ತು. ಆದರೆ ಅದನ್ನು ಬಿಟ್ಟರೆ ಮಿಕ್ಕ ಮಾತಿಗೆ ಅರ್ಥವಿಲ್ಲ.

ಲಂಡನ್ನಿನ ಆಟದ ಪತ್ರಿಕೆಯೊಂದು ನನ್ನ ಬರಹ ಒಪ್ಪಿದೆಯೆಂದು ಈ ಶಾಲು ಹೊದಿಸಿದ್ದೀರಿ. ಯಾವ ಆಟ? ಬಳ್ಳಾರಿಯ ಕಾನ್ವೆಂಟಿನಲ್ಲಿ ಜೊತೆಗೆ ಓದಿದ ಗೆಳತಿ ಲಂಡನ್ನಿನಿಂದ ಕಳಿಸಿದ್ದು. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಇಲ್ಲದ ಊರುಗಳಲ್ಲಿ ಅಲೆಯುವುದು. ಬಯಲಾಟದ ಸೀಮೆಗೆ ಇದನ್ನು ವಿವರಿಸಬೇಕೇ? ಮುಖಕ್ಕೆ ಬಣ್ಣವಿಲ್ಲ, ಅಷ್ಟೇ.

ಅದರಲ್ಲಿ ಯೋಧ, ಮಾಂತ್ರಿಕ, ಕಳ್ಳ ಇದ್ದರು. ನಾನು ಹೊಸದಾಗಿ ಕಟ್ಟಿದ್ದು ಮಧ್ಯಯುಗದ ಯುರೋಪಿನ ಮಠವಾಸಿಯನ್ನು. ಕಲ್ಲಿನ ಕೋಣೆ, ಒರಟು ನಿಲುವಂಗಿ, ಕೈಬರಹದ ಗ್ರಂಥ. ಕತ್ತಿ ಇಲ್ಲದವನಿಗೆ ಯಾವ ಬಲ ಕೊಡಲಿ? ವಿಧೇಯತೆಯನ್ನು ಕೊಟ್ಟೆ. ಕರೆ ಬಂದರೆ ಆ ಸಂನ್ಯಾಸಿಗಳು ಬರೆಯುತ್ತಿದ್ದ ಅಕ್ಷರವನ್ನೂ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರೆಂದು ಕಾನ್ವೆಂಟಿನ ಸಿಸ್ಟರ್ ಹೇಳಿದ್ದರು. ಹಾಗಾಗಿ ನಿಯಮ ಬರೆದೆ: ‘ಮೊದಲ ಕೂಗಿಗೇ ಏಳಬೇಕು, ಹಾಗೆ ಎದ್ದವನನ್ನು ಯಾವ ಬಾಗಿಲೂ ತಡೆಯದು.’

ಪರೀಕ್ಷಿಸಲು ನಮ್ಮ ಮನೆಯಲ್ಲೇ ಆಡಿದೆವು. ಪಕ್ಕದ ಮನೆಯ ಜುಬೇದಾ ಬೀ ಕಳ್ಳಿ. ನನ್ನ ಅಕ್ಕ ಗುರುಬಸಮ್ಮ ಮಠವಾಸಿ. ಅಕ್ಕನ ಗಂಡ ಏಕಾಂತಪ್ಪ ಮಾಗಳದ ಹತ್ತಿರ ಹೊಳೆಯಲ್ಲಿ ಕೊಚ್ಚಿಹೋದವರು, ದೇಹ ಸಿಗಲಿಲ್ಲ.

“ಮಟಮಟ ಮಧ್ಯಾಹ್ನ ಹೆಂಗಸ್ರು ದಾಳಾ ಉಳ್ಳಸೋದು ನೋಡಿದ್ರ ಊರು ಏನಂದೀತು? ನಾನಂತೂ ಕಳ್ಳಿ, ನನಗೆಲ್ಲಿ ಮರ್ಯಾದಿ!” ಎಂದು ಜುಬೇದಾ ನಗಿಸುತ್ತಿದ್ದಳು. ಆಗ ಹೊರಗಿನಿಂದ ಕೇಳಿತು: “ಗುರುಬಸೂ.”

ಹಾಗೆ ಕರೆಯುತ್ತಿದ್ದವರು ಏಕಾಂತಪ್ಪ ಒಬ್ಬರೇ. ಅಕ್ಕ ಎದ್ದಳು. ಜುಬೇದಾ ಸೆರಗು ಹಿಡಿದಳು. “ತಡೀ ಅಕ್ಕಾ, ಓ ಅನಬ್ಯಾಡ. ಇನ್ನೊಮ್ಮೆ ಕರೀಲಿ.”

ನಮ್ಮ ಕಡೆಯ ರೂಢಿ ನಿಮಗೆ ಗೊತ್ತು. ಕಾಣದವರ ಮೊದಲ ಕೂಗಿಗೆ ಓಗೊಡುವುದಿಲ್ಲ. ಮನುಷ್ಯರಾದರೆ ಮತ್ತೆ ಕರೆಯುತ್ತಾರೆ. ಮತ್ತೆ ಯಾರೂ ಕರೆಯಲಿಲ್ಲ. ನಾನೇ ಚಿಲಕ ಹಾಕಿದ್ದ ಬಾಗಿಲು ತೆರೆದಿತ್ತು. ಬೀದಿಯಲ್ಲಿ ಬರೀ ಬಿಸಿಲು.

ಅಕ್ಕ ಅಳಲಿಲ್ಲ. “ಮೊದ್ಲನೇ ಕೂಗಿಗೆ ಏಳಬೇಕು ಅಂತ ಬರದಾಕಿ ನೀನು. ಮತ್ಯಾಕ ಹಿಡಕಂಡ್ರಿ? ಸತ್ತೋರು ಎಲ್ಡು ಸಲ ಕರೀತಾರೇನು?”

“ಅಕ್ಕಾ, ಅದು ಆಟ.”

“ನನಗಲ್ಲ.”

ಅಂದಿನಿಂದ ಯಾರು ಯಾರನ್ನು ಕೂಗಿದರೂ ಅಕ್ಕ ಏಳುತ್ತಾಳೆ, ಕೈಯ ತುತ್ತನ್ನು ಅರ್ಧಕ್ಕೇ ಬಿಟ್ಟು. ಅವಳನ್ನು ಒಬ್ಬಳನ್ನೇ ಬಿಡಲು ನಮಗೆ ಧೈರ್ಯವಿಲ್ಲ. ಪತ್ರಿಕೆ ಅಚ್ಚಾಗುವ ಮೊದಲೇ ನಾನು ನಿಯಮ ತಿದ್ದಿದ್ದೇನೆ: ‘ಎರಡನೆಯ ಕೂಗಿನ ತನಕ ಕಾಯಬೇಕು.’ ಕಾಯುವವನು ಯುರೋಪಿನ ಮಠವಾಸಿಯೇ? ಅವನಿಗೆ ನಮ್ಮೂರಿನ ಭಯವನ್ನು ತೊಡಿಸಿದೆನೇ? ಅಥವಾ ಅಕ್ಕನಿಗೆ ಉಳಿದಿದ್ದ ಒಂದೇ ಬಾಗಿಲನ್ನು ಮುಚ್ಚಿದೆನೇ? ತಿಳಿಯದು. ತಿದ್ದಿದ್ದನ್ನು ಕಳಿಸಬೇಡವೆಂದು ಅಕ್ಕ ಹಟ ಹಿಡಿದಿದ್ದಾಳೆ. ಅಗೋ, ಮುಂದಿನ ಸಾಲಿನಲ್ಲೇ ಜುಬೇದಾಳ ಪಕ್ಕ ಕೂತಿದ್ದಾಳೆ.

ಕ್ಷಮಿಸಿ. ಹಿಂದಿನ ಬಾಗಿಲ ಹತ್ತಿರ ಯಾರೋ ಅಕ್ಕನ ಹೆಸರು ಕೂಗಿದಿರಿ. ಇನ್ನೊಮ್ಮೆ ಕೂಗಿ.

ದಯವಿಟ್ಟು, ಯಾರಾದರೂ ಸರಿ, ಇನ್ನೊಮ್ಮೆ ಕೂಗಿ.

ಜುಬೇದಾ, ಸೆರಗು ಬಿಡಬೇಡ.

ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರಿಗೂ ಋಣಿ, ನಮಸ್ಕಾರ. ಎರಡನೆಯ ಕೂಗು ಬರಲಿಲ್ಲ; ತಿದ್ದಿದ ನಿಯಮವನ್ನೇ ಅಂಚೆಗೆ ಹಾಕುತ್ತೇನೆ, ಸೋಮವಾರ, ೧೨ ಮಾರ್ಚ್ ೧೯೮೪ರಂದು.