ನಲವತ್ತನೇ ಸಾಲಿನ ತಪ್ಪು

ಸಿಯೋಲ್ ಮಗ್ಗುಲಿನ ಸಾಫ್ಟ್‌ವೇರ್ ಊರು ಪಾಂಗ್ಯೊದಲ್ಲಿ, ಸೂಪಿನಂಗಡಿಯ ಮುಂದೆ ಮಧ್ಯಾಹ್ನದ ಸರತಿ. ಕದ್ದು ಕೇಳುವ ಉದ್ದೇಶ ನನಗಿರಲಿಲ್ಲ, ಹಸಿವಾಗಿತ್ತು, ಅಷ್ಟೆ. ನನ್ನ ಮುಂದಿದ್ದವರು ಇಬ್ಬರು. ಒಬ್ಬಳು ನಡುವಯಸ್ಸಿನವಳು. ಇನ್ನೊಬ್ಬನ ಕೊರಳಿನ ಕಾರ್ಡಿನಲ್ಲಿ ಗಿಹ್ಯೊನ್ ಎಂದಿತ್ತು.

“ಬೆಳಗ್ಗೆ ಇಂಟರ್‌ವ್ಯೂಗೆ ಬಂದಿದ್ದೋರು ಫೇಲಾ?”

“ಹೂಂ ಅಕ್ಕಾ. ನಮ್ಮ ಪ್ರೋಗ್ರಾಮ್ ಕೊಟ್ಟು ತಪ್ಪು ಹುಡುಕಿ ಅಂದ್ವಿ. ಇಪ್ಪತ್ತು ನಿಮಿಷ ಸುಮ್ನೆ ಕೂತಿದ್ರು.”

“ಇಪ್ಪತ್ತೆರಡು ವರ್ಷದ ಅನುಭವ ಬೇರೆ!”

“ವಯಸ್ಸಾಯ್ತು ಅಂತ ನಮ್ಮ ಡೈರೆಕ್ಟರು ಅವರ ಎದುರಿಗೇ ನಕ್ಕುಬಿಟ್ರು.”

“ಅದಕ್ಕೆ ನಿನ್ನ ಮುಖ ಯಾಕೋ ಹಿಂಗಿದೆ?”

“ಹಳೇ ಕಂಪನೀಲಿ ನಂಗೆ ಕೆಲಸ ಕಲಿಸಿದ್ದೇ ಅವರು.”

“ಮತ್ತೆ ಗುರುತೇ ಇಲ್ಲದ ಹಾಗೆ ಕೂತಿದ್ಯಾ?”

“ಆ ಪ್ರೋಗ್ರಾಮೂ ಅವರದೇ ಅಕ್ಕಾ. ಬರುವಾಗ ತಂದು, ನಂದು ಅಂತ ಇಲ್ಲಿ ಕೊಟ್ಟಿದ್ದೆ.”

ಸರತಿ ಎರಡು ಹೆಜ್ಜೆ ಮುಂದೆ ಹೋಯಿತು.

“ಅವರಿಗೆ ಗೊತ್ತಾಯ್ತಾ?”

“ಲಿಫ್ಟ್‌ವರೆಗೂ ಬಿಡೋಕೆ ಹೋಗಿದ್ದೆ. ಬಾಗಿಲು ಮುಚ್ಚೋ ಹೊತ್ತಿಗೆ ಹೇಳಿದ್ರು, ‘ನಲವತ್ತನೇ ಸಾಲು ಕಣೋ. ಆ ತಪ್ಪು ನಂದೇ. ನನ್ನ ಹೆಸರು ಅಳಿಸಿದೋನು ಅದನ್ನೂ ಅಳಿಸಬಾರದಿತ್ತಾ?’”

“ಅವರು ಒಳಗೇ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ, ನಿಮಗೆ ಹೇಗೆ ಗೊತ್ತು ಅಂತ ಡೈರೆಕ್ಟರ್ ಕೇಳ್ತಿದ್ರಲ್ಲ. ಆಮೇಲೆ ನನ್ನ ಗತಿ?”

ಅಂಗಡಿಯಾಕೆ ಬಾಗಿಲು ಸರಿಸಿ ಕೇಳಿದಳು, “ಎಷ್ಟು ಜನ? ಇಬ್ರಾ?”

“ಒಬ್ಳೇ,” ಎಂದು ಅಕ್ಕ ಒಳಗೆ ಹೋದಳು.