ಟಿಲ್ಲಿಯ ಬಾಯಿಗೆ ಕಟ್ಟಿದ ಪಟ್ಟಿಯ ಬಗ್ಗೆ

ನೋರೀನ್ ಪಲ್ಕೊ ಆದ ನಾನು, ವಯಸ್ಸು 44, ಆಂಬುಲೆನ್ಸ್ ಪ್ಯಾರಾಮೆಡಿಕ್, ವಾಸ 218, ಆರ್ಚರ್ಡ್ ಸ್ಟ್ರೀಟ್, ಹಾರ್ಲನ್ ಫೋರ್ಡ್, ಓಹಾಯೊ, ಶಾಲಾ ಬಸ್ ಚಾಲಕ ಲೆರಾಯ್ ಫಿಂಚ್ ತಮ್ಮ ನಾಯಿಯನ್ನು ಕೊಂದರೆಂದು ಶ್ರೀಮತಿ ಬರ್ನಿಸ್ ಹಾಕ್ ಕೊಟ್ಟಿರುವ ದೂರಿನ ಸಂಬಂಧ, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ದಿನಾಂಕ 3-10-2023ರ ಮಧ್ಯಾಹ್ನ 3.42ಕ್ಕೆ ನಾನು ಮತ್ತು ಸಹೋದ್ಯೋಗಿ ಡ್ವೇನ್ ಟಿಬ್ಸ್ ಆ ಬಸ್ಸಿನ ನೂರು ಅಡಿ ಹಿಂದೆ ಆಂಬುಲೆನ್ಸಿನಲ್ಲಿ ಬರುತ್ತಿದ್ದೆವು. ನಮ್ಮ ವೇಗ ಗಂಟೆಗೆ 22 ಮೈಲಿ. ಬಸ್ಸಿನದೂ ಅಷ್ಟೇ, ಆ ರಸ್ತೆಯ ಮಿತಿಯೊಳಗೇ ಇತ್ತು. ಬರ್ನಿಸ್ ಅವರ ನಾಯಿ ಟಿಲ್ಲಿ ಅಂಗಳದಿಂದ ನೇರವಾಗಿ ಬಸ್ಸಿನ ಮುಂದಕ್ಕೆ ಓಡಿತು. ಫಿಂಚ್ ತಕ್ಷಣ ಬ್ರೇಕ್ ಹಾಕಿದರೂ ತಗುಲಿತು. ಬರ್ನಿಸ್ ಓಡಿಬಂದು, ಮಕ್ಕಳು ಕಿಟಕಿಯಿಂದ ನೋಡುತ್ತಿರುವಾಗಲೇ, ಕೊಂದುಬಿಟ್ಟೆ ಎಂದು ಅವರನ್ನು ಬೈದರು. ಆಗ ಟಿಲ್ಲಿ ಬದುಕಿತ್ತು.

ನಮ್ಮಂಥ ತುರ್ತು ಸಿಬ್ಬಂದಿ ಗಾಯಗೊಂಡ ನಾಯಿ ಬೆಕ್ಕುಗಳಿಗೆ ಪ್ರಥಮ ಚಿಕಿತ್ಸೆ ಕೊಡಲು ಕಾನೂನು ಬಿಡುತ್ತದೆ. ಒಳ್ಳೆಯ ಉದ್ದೇಶದಿಂದ ಮಾಡಿದ್ದು ತಪ್ಪಾದರೂ ರಕ್ಷಣೆ ಕೊಡುತ್ತದೆ. ಬೇರೆ ಕರೆ ಇರಲಿಲ್ಲವಾದ್ದರಿಂದ ಇಳಿದೆವು. ಹಿಂಗಾಲು ಮುರಿದಿತ್ತು. ಕಳೆದ ವರ್ಷ ಒಂದು ನಾಯಿ ಕಚ್ಚಿ ನನಗೆ ಹನ್ನೊಂದು ದಿನ ಕೆಲಸ ತಪ್ಪಿತ್ತು. ಈ ಸಲವಾದರೂ ಮೊದಲು ಬಾಯಿ ಕಟ್ಟು ಮಾರಾಯ್ತಿ ಎಂದು ಡ್ವೇನ್ ತಮಾಷೆ ಮಾಡಿದ. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಪಟ್ಟಿಯನ್ನು ಮೂತಿಗೆ ಮೂರು ಸುತ್ತು ಸುತ್ತಿ ಕಿವಿಯ ಹಿಂದೆ ಗಂಟು ಹಾಕಿದೆ. ಕಾಲು ಕಟ್ಟಿದ ಕೂಡಲೇ ಬಾಯಿಯ ಪಟ್ಟಿಯನ್ನು ಬಿಚ್ಚಬೇಕು. ವಾಂತಿಯಾದರೆ ಕಟ್ಟಿದ ಬಾಯಿಯಿಂದ ಹೊರಬರಲಾಗದು. ತರಬೇತಿಯಲ್ಲಿ ಇದನ್ನು ಬೇರೆಯವರಿಗೆ ಹೇಳಿಕೊಡುವವಳು ನಾನೇ.

ಕಾಲು ಕಟ್ಟಿ ಮುಗಿಸುವಷ್ಟರಲ್ಲಿ, 3.55ಕ್ಕೆ, ಎದೆನೋವಿನ ಕರೆ ಬಂತು. ಮನುಷ್ಯರ ಕರೆ ಬಂದರೆ ಪ್ರಾಣಿಯನ್ನು ಬಿಟ್ಟು ಹೊರಡಬೇಕು. ಟಿಲ್ಲಿಯನ್ನು ಬರ್ನಿಸ್ ಅವರ ಕಾರಿನಲ್ಲಿ ಮಲಗಿಸಿ ಹೊರಟೆವು. ಬಾಯಿಯ ಪಟ್ಟಿ ಬಿಚ್ಚಲಿಲ್ಲ. ಬಿಚ್ಚಿ ಎಂದು ಬರ್ನಿಸ್ ಅವರಿಗೆ ಹೇಳಲೂ ಇಲ್ಲ. ಪಶುವೈದ್ಯರಲ್ಲಿಗೆ 14 ಮೈಲಿ. ತಲುಪುವಷ್ಟರಲ್ಲಿ ಟಿಲ್ಲಿ ಸತ್ತಿತ್ತು. ನನ್ನ ವರದಿಯಲ್ಲಿ ಪ್ರಥಮ ಚಿಕಿತ್ಸೆ ನೀಡಲಾಯಿತು ಎಂದಷ್ಟೇ ಬರೆದೆ.

6ರಂದು ಬೆಳಿಗ್ಗೆ 10ಕ್ಕೆ ಬರ್ನಿಸ್ ನಮ್ಮ ಕೇಂದ್ರಕ್ಕೆ ಕುಂಬಳಕಾಯಿ ಬ್ರೆಡ್ ಮಾಡಿ ತಂದು ಧನ್ಯವಾದ ಹೇಳಿದರು. "ದಾರಿಯುದ್ದಕ್ಕೂ ಗೊರಗೊರ ಅಂತಿತ್ತು ಕಣಮ್ಮಾ. ಬಿಚ್ಚೋಣ ಅಂತ ಕೈ ಹೋಯ್ತು. ತಿಳ್ದೋರು ಕಟ್ಟಿರೋದು, ನಾನ್ಯಾಕೆ ಮುಟ್ಲಿ ಅಂತ ಸುಮ್ನಾದೆ" ಎಂದರು. ನಾನು ಎರಡು ತುಂಡು ಬ್ರೆಡ್ ತಿಂದೆ. 

10ರಂದು ದೂರಿನ ಕಾರಣ ಫಿಂಚ್ ಅವರನ್ನು ಬಸ್ ಓಡಿಸದಂತೆ ತಡೆದಿದ್ದಾರೆಂದೂ, ಆರೋಪ ಸಾಬೀತಾದರೆ 19 ವರ್ಷದ ಕೆಲಸ ಹೋಗುವುದೆಂದೂ ಡ್ವೇನ್‌ನಿಂದ ತಿಳಿಯಿತು. ಅಂದೇ ಪಶುವೈದ್ಯರಿಗೆ ಫೋನ್ ಮಾಡಿದೆ. ವಾಂತಿ ಉಸಿರುನಾಳಕ್ಕೆ ಇಳಿದಿತ್ತು, ಕಾಲಿನ ಪೆಟ್ಟಿಗೆ ನಾಯಿ ಸಾಯುತ್ತಿರಲಿಲ್ಲ, ಬರ್ನಿಸ್ ಕೇಳಲಿಲ್ಲವಾದ್ದರಿಂದ ತಾವೂ ಹೇಳಲಿಲ್ಲ ಎಂದರು.

ಬಸ್ಸಿನ ವೇಗವೊಂದನ್ನೇ ಹೇಳಿದರೂ ಫಿಂಚ್‌ಗೆ ಸಾಕಾಗಬಹುದು, ಪಟ್ಟಿಯ ವಿಷಯ ಓದಿದರೆ ಆ ಮುದುಕಿ ತಾನೇ ಬಿಚ್ಚಬಹುದಿತ್ತೆಂದು ಕೊರಗುತ್ತಾಳೆ ಎಂದು ಈ ಹೇಳಿಕೆ ಬರೆದುಕೊಂಡ ಸಾರ್ಜೆಂಟ್ ಮೋರಾ ಹೇಳಿದರು. ಬ್ರೆಡ್ ತಿಂದ ಮೇಲಿನ ನಾಲ್ಕು ದಿನ, ಬರ್ನಿಸ್ ಕೊರಗುತ್ತಾರೆಂದು ನಾನೂ ನನಗೆ ಹೇಳಿಕೊಂಡಿದ್ದೆ. ಕನಿಕರ ಅವರ ಮೇಲಿತ್ತೋ ನನ್ನ ಮೇಲೆಯೋ ಖಚಿತವಾಗಿ ಹೇಳಲಾರೆ. ಆದ್ದರಿಂದ ಯಾವುದನ್ನೂ ತೆಗೆಯಬಾರದೆಂದು ಕೇಳಿಕೊಂಡಿದ್ದೇನೆ.

ಇದನ್ನು ನನಗೆ ಓದಿ ಹೇಳಲಾಗಿದೆ. ನಾನು ಕಂಡದ್ದು, ಮಾಡಿದ್ದು, ಮಾಡದೆ ಬಿಟ್ಟದ್ದು ಇಷ್ಟೇ, ಇದು ನಿಜ. ಇದರ ಪ್ರತಿ ಬರ್ನಿಸ್ ಅವರ ಕೈ ಸೇರುವ ಮೊದಲು ನಾನೇ ಅವರ ಮನೆಗೆ ಹೋಗಿ ಹೇಳಲು ಇಂದು ಸಂಜೆ 5ರವರೆಗೆ ಸಮಯ ಕೊಡಬೇಕೆಂದು ಕೋರುತ್ತೇನೆ.

ಸ್ಥಳ: ಹಾರ್ಲನ್ ಫೋರ್ಡ್
ದಿನಾಂಕ: 12-10-2023
ಸಹಿ: ನೋರೀನ್ ಪಲ್ಕೊ